ಅಂತೋಣಿಯವರ ಖಾಲಿ ತೋಳು

ಕಳೆದ ವಸ್ತು ಎಷ್ಟು ಬೇಡಿದರೂ ಸಿಗದಿದ್ದರೆ ನಮ್ಮೂರ ಹೆಂಗಸರು ಸಂತ ಅಂತೋಣಿಯವರ ಪ್ರತಿಮೆಯ ತೋಳಿನಿಂದ ಪುಟ್ಟ ಬಾಲಯೇಸುವನ್ನು ಎತ್ತಿ ಬಚ್ಚಿಡುತ್ತಾರೆ. ವಸ್ತು ಸಿಕ್ಕಿದ ಮೇಲೆಯೇ ಮಗು ವಾಪಸ್ಸು.

ನಾಳೆ ಮಗನ ಮದುವೆ, ಉಂಗುರ ಕಾಣುತ್ತಿಲ್ಲ. ಸೆರಾಫಿನಾಬಾಯಿ ಸೆರಗಿನಡಿ ಚೀಲ ಹಿಡಿದು ಇಗರ್ಜಿಗೆ ಹೋದರೆ ಸಂತರ ತೋಳು ಆಗಲೇ ಖಾಲಿ! ನೇರ ಪಾದ್ರಿಗಳ ಕೋಣೆಗೆ ನುಗ್ಗಿದರು.

"ಫಾದರ್, ಯಾರೋ ನನಗಿಂತ ಮೊದಲೇ ಮಗುವನ್ನು ಎತ್ತಿಕೊಂಡು ಹೋಗಿದ್ದಾರೆ!"

"ನಿಮಗಿಂತ ಮೊದಲೇ? ಅಂದರೆ ನೀವೂ ಅದಕ್ಕೇ ಬಂದದ್ದಾ? ಸಂತರನ್ನು ಹೆದರಿಸಿ ಕೆಲಸ ಮಾಡಿಸುವುದು ಎಂತ ಭಕ್ತಿ ಬಾಯಿ?"

"ತಪ್ಪೇ ಫಾದರ್. ಆದರೆ ಉಂಗುರ ಇಲ್ಲದೆ ನಾಳೆ ಮದುವೆ ಹೇಗೆ ಮಾಡಿಸ್ತೀರಿ? ಮೂರು ದಿನ ಮೇಣದಬತ್ತಿ ಹಚ್ಚಿ ಬೇಡಿದೆ. ಅವರು ಒಳ್ಳೆ ಮಾತಿಗೆ ಬಗ್ಗುವವರಲ್ಲ."

"ಅದು ನನಗೂ ಗೊತ್ತು" ಎಂದು ಪಾದ್ರಿಗಳು ನಿಟ್ಟುಸಿರು ಬಿಟ್ಟು ಮೇಜಿನ ಡ್ರಾಯರ್ ಎಳೆದರು. ಒಳಗೆ, ಮಡಿಸಿದ ಕರ್ಚೀಫಿನ ಮೇಲೆ, ಬಾಲಯೇಸು ಮಲಗಿದ್ದ.

"ನನ್ನ ಬೈಕಿನ ಕೀ ಹೋಗಿ ಎಂಟು ದಿನ ಆಯ್ತು ಬಾಯಿ. ಈಗ ನಿಮ್ಮ ಉಂಗುರವನ್ನೂ ಸೇರಿಸುವ. ಎರಡೂ ಸಿಗದೆ ಮಗು ಸಿಗುವುದಿಲ್ಲ ಅಂತ ನೀವೇ ಹೋಗಿ ಅವರಿಗೆ ಹೇಳಿ ಬನ್ನಿ."