ಒಗ್ಗರಣೆ ಕೋಣೆ

ಊರಿನ ಮಕ್ಕಳೆಲ್ಲ ಅತಿಸೂಕ್ಷ್ಮ ಕಿವಿಯೊಂದಿಗೆ ಹುಟ್ಟತೊಡಗಿದ ಮೇಲೆ ಮನೆಯಲ್ಲಿ ಯಾರೂ ಒಗ್ಗರಣೆ ಹಾಕುವುದಿಲ್ಲ. ಸಾರಿನ ಪಾತ್ರೆ ಹಿಡಿದು ಓಣಿಯ ಕೊನೆಯ ದಪ್ಪ ಗೋಡೆಯ ಕೋಣೆಗೆ ಹೋಗಬೇಕು. ಏಳು ವರ್ಷದ ನೀಲಗಂಗಾ ಎಂದಿನಂತೆ ಕಿವಿ ಮುಚ್ಚಿಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತಳು. ತಾಯಿ ಶಿವಲೀಲಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎಣ್ಣೆಯಲ್ಲಿ ಸಾಸಿವೆ ಚಟಪಟ ಅಂದೊಡನೆ ಶಿವಲೀಲಾಳಿಗೆ ತವರಿನ ಅಡುಗೆಮನೆ ನೆನಪಾಯಿತು. ಅಲ್ಲಿ ಅವ್ವ ಒಗ್ಗರಣೆ ಹಾಕುತ್ತಲೇ ತೊಟ್ಟಿಲಲ್ಲಿದ್ದ ತಮ್ಮನಿಗೆ ಜೋಗುಳ ಹಾಡುತ್ತಿದ್ದಳು. ಅದನ್ನು ತನ್ನ ಮಗಳಿಗೆ ಇವಳು ಒಮ್ಮೆಯೂ ಹಾಡಿರಲಿಲ್ಲ. ಕೂಸಾಗಿದ್ದಾಗ ಮಗಳು ಪಿಸುಮಾತಿಗೂ ಚೀರಿ ಅಳುತ್ತಿದ್ದಳು. ಅದಕ್ಕೇ ಶಿವಲೀಲಾ ದಿನವೂ ಸಾಸಿವೆಯ ಸದ್ದಿನ ಮರೆಯಲ್ಲಿ ಆ ಜೋಗುಳವನ್ನು ತನ್ನಷ್ಟಕ್ಕೆ ತಾನೇ ಗುನುಗಿಕೊಳ್ಳುವಳು. ಸದ್ದು ನಿಂತರೆ ಹಾಡೂ ನಿಲ್ಲುತ್ತಿತ್ತು.

ಹೊರಗೆ ಬಂದಾಗ ನೀಲಗಂಗಾ ಕಿವಿಯಿಂದ ಕೈ ತೆಗೆದಳು.

“ಅವ್ವಾ, ನಾಳೆ ಸಾಸಿವಿ ಜಾಸ್ತಿ ಹಾಕು. ದಿನಾ ನಿನ್ನ ಹಾಡು ಅರ್ಧಕ್ಕ ನಿಂದರತೈತಿ.”