ಸೋಪಿನ ಡಬ್ಬಿಯೊಳಗಿನ ಉಂಗುರ

ಲ್ಯಾಪ್‌ಟಾಪ್ ಚಾರ್ಜರ್ ಕಾದಾಗಲೆಲ್ಲ ನನಗೆ ಗಿರಿನಗರದ ಮನೆಯ ತಾರಸಿ ನೆನಪಾಗುತ್ತದೆ.

ಅಪ್ಪನಿಗೆ ಮನೆಯಿಂದಲೇ ದೂರದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊ ಹುಚ್ಚು. ತಾರಸಿಯ ಆಂಟೆನಾ ಬುಡದಲ್ಲಿ, ಸೋಪಿನ ಡಬ್ಬಿಯೊಳಗೆ, ತಾಮ್ರದ ತಂತಿ ಸುತ್ತಿದ ಕಪ್ಪು ಫೆರೈಟ್ ಉಂಗುರವಿತ್ತು. "ಇದರೊಳಗೆ ಕಾಂತಕ್ಷೇತ್ರ ಒಂದೇ ಸಮ ಹಿಂದೆ ಮುಂದೆ ತಿರುಗ್ತಿರುತ್ತೆ ಪುಟ್ಟಿ. ಮಾತು ಜಾಸ್ತಿಯಾದ್ರೆ ಕಾದು ಬಿರುಕು ಬಿಡುತ್ತೆ," ಎನ್ನುತ್ತಿದ್ದರು. ಅವರು ಕೆಳಗೆ ಮಾತು ನಿಲ್ಲಿಸಿ ಕೂಗಿದಾಗ ಉಂಗುರ ಮುಟ್ಟಿ ಹೇಳುವುದು ನನ್ನ ಕೆಲಸ.

ಆ ಭಾನುವಾರ ಮಧ್ಯಾಹ್ನ ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಗೆಳೆಯ ರೇಡಿಯೊದಲ್ಲಿ ಸಿಕ್ಕಿದ್ದರು. "ಇವತ್ತು ಬಿಟ್ರೆ ಅವ್ನು ಇನ್ನು ಆರು ತಿಂಗಳು ಸಿಗಲ್ಲ," ಎಂದು ಅಪ್ಪ ಊಟ ಬಿಟ್ಟು ಕೂತಿದ್ದರು. ನನಗೋ ಯಡಿಯೂರು ಕೆರೆಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದರು. ಸುಡುವ ಸಿಮೆಂಟಿನ ಮೇಲೆ ಬರಿಗಾಲು ಬದಲಿಸುತ್ತ ಎಷ್ಟು ಹೊತ್ತು ನಿಲ್ಲುವುದು?

"ಹೇಗಿದೆ ಪುಟ್ಟಿ?"

ಉಂಗುರ ಉಗುರುಬೆಚ್ಚಗಿತ್ತು. "ಸುಡ್ತಿದೆ ಅಪ್ಪ," ಎಂದೆ.

"ಇಷ್ಟೇ ಕಣೋ, ಆಂಟೆನಾ ಉಂಗುರ ಕಾದಿದೆಯಂತೆ. ಹುಷಾರು," ಎಂದು ಅಪ್ಪ ಕೆಳಗೆ ಗೆಳೆಯನಿಗೆ ಅವಸರದಲ್ಲಿ ಹೇಳಿದ್ದು ಕೇಳಿಸಿತು.

ಮೇಲೆ ಬಂದು ಉಂಗುರದ ಮೇಲೆ ಬೆರಳಿಟ್ಟರು. ತುಂಬ ಹೊತ್ತು ತೆಗೆಯಲೇ ಇಲ್ಲ.

"ಚಪ್ಪಲಿ ಹಾಕ್ಕೋ," ಎಂದರು. "ಕೆರೆಗೆ ಹೋಗೋಣ."