ಹೆಳವನ ಪುಸ್ತಕದಲ್ಲಿ ನನ್ನ ಹೆಸರು

ನಮ್ಮ ವಂಶವೃಕ್ಷ ಬರೆಯಲು ಹೊರಟ ತಮ್ಮ ಮೊನ್ನೆ ಹಳೆಯ ಕಾಗದದ ಕಟ್ಟು ಬಿಚ್ಚಿದ. ಆ ಮುಗ್ಗಲು ವಾಸನೆಗೆ ನನಗೆ ಹೆಳವನ ಪುಸ್ತಕ ನೆನಪಾಯಿತು.

ಮನೆತನಗಳ ವಂಶಾವಳಿ ಬರೆದಿಟ್ಟು ಓದಿ ಹೇಳುವ ಹೆಳವ, ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಹೊಳಲಿನ ನಮ್ಮ ಮನೆಗೆ ಬಂದಿದ್ದ. ಎತ್ತನ್ನು ಬೇವಿನ ಮರಕ್ಕೆ ಕಟ್ಟಿ, ಕಟ್ಟೆಯ ಮೇಲೆ ಕೂತು, ಜಿಡ್ಡುಗಟ್ಟಿದ ಪುಸ್ತಕ ತೆರೆದ. ಮುತ್ತಜ್ಜ, ಅಜ್ಜ, ಅಪ್ಪ ಎಂದು ರಾಗವಾಗಿ ಓದುತ್ತಾ ಬಂದವನು ನನ್ನ ಹೆಸರನ್ನೂ ಓದಿದ. ನಾನು ಹಿಗ್ಗಿದೆ.

"ಒಂಬತ್ತು ವರ್ಷಕ್ಕ ತೀರಿಕೊಂಡಾಳ," ಎಂದ.

ನನಗೆ ಒಂಬತ್ತು ತುಂಬಿ ತಿಂಗಳಾಗಿತ್ತು. ಜೋಳ ಕೇರುತ್ತಿದ್ದ ಅಜ್ಜಿಯ ಮೊರ ನಿಂತಿತು. ಓಡಿಹೋಗಿ ಅವಳ ಸೀರೆಯಲ್ಲಿ ಮುಖ ಹುದುಗಿಸಿದೆ.

"ಅಜ್ಜಿ, ನಾ ಸಾಯ್ತೀನೇನು?"

"ನೀನಲ್ಲವ್ವ. ಅಕಿ ನನ್ನ ಮಗಳು, ನಿಮ್ಮಪ್ಪನ ತಂಗಿ. ಅಕಿ ಹೆಸರು ನಿನಗಿಟ್ಟೀವಿ."

ಹಾಗೆಂದರೂ ಅವಳು ನನ್ನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಮನೆಯ ಹೊಸ ಮಕ್ಕಳ ಹೆಸರು ಸೇರಿಸಲು ಹೆಳವ ಪೆನ್ನು ತೆಗೆದು, ನನ್ನ ವಯಸ್ಸು ಕೇಳಿದ.

"ಹತ್ತು ಅಂತ ಬರ್ಕಳ್ರಿ," ಎಂದಳು ಅಜ್ಜಿ.

ಆ ವರ್ಷವಿಡೀ ಯಾರು ಕೇಳಿದರೂ ನಾನು ಹತ್ತು ಎಂದೇ ಹೇಳಿದೆ.